ಹಲ್ಲಿನ ಅಚ್ಚು

ಮೇಡಂ ಬರುತ್ತಾರೆ ಅಂದರೆ ಆ ಮನೆಯಲ್ಲಿ ಮೊದಲು ಮಾಯವಾಗಬೇಕಾದದ್ದು ಗಂಡ.

ಮಿಕ್ಕದ್ದೆಲ್ಲ ಆಮೇಲೆ. ಹಗ್ಗದ ಮೇಲಿನ ಒದ್ದೆ ಬಟ್ಟೆ, ಒಲೆ ಪಕ್ಕದ ತೊಳೆಯದ ಪಾತ್ರೆ, ಗಂಡನ ಹಾಸಿಗೆ, ಹಾಸಿಗೆ ಪಕ್ಕದ ಉಚ್ಚೆ ಡಬ್ಬಿ, ಗೂಡಿನಲ್ಲಿದ್ದ ಮಾತ್ರೆ ಸೀಸೆ, ಎಲ್ಲವನ್ನೂ ಮಂಚದ ಕೆಳಗೆ ತುರುಕಿ ಮೇಲಿನಿಂದ ದುಪ್ಪಟಿ ಇಳಿಬಿಡಬೇಕು. ಇದ್ದದ್ದು ಒಂದೇ ಕೋಣೆ. ಅಡಿಗೆ ಅದರಲ್ಲೇ, ನಿದ್ದೆ ಅದರಲ್ಲೇ, ತೊಗಲಿನ ಚೀಲ ಹೊಲಿಯುವ ಕೆಲಸವೂ ಅದರಲ್ಲೇ. ಮೇಡಂ ಬಂದಾಗ ಮಾತ್ರ ಅಲ್ಲಿ ಯಾರೂ ಉಂಡಿಲ್ಲ, ಯಾರೂ ಮಲಗಿಲ್ಲ, ಯಾರಿಗೂ ಕಾಯಿಲೆ ಬಂದಿಲ್ಲ ಅನ್ನುವ ಹಾಗಿರಬೇಕು. ಚೀಲಗಳನ್ನು ಕೊಳ್ಳುತ್ತಿದ್ದ ಮೇಡಂ ಆ ಕೋಣೆಗೆ ಒಂದು ಹೆಸರನ್ನೂ ಇಟ್ಟಿದ್ದರು. ಸ್ಟುಡಿಯೋ. ವಠಾರದವರು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಗಂಡನನ್ನು ಮಾಯ ಮಾಡುವುದು ಅಂದರೆ ಹೊರುವುದು. ಅವನ ಎಡಮೈ ಸತ್ತುಹೋಗಿತ್ತು. ಹೆಂಡತಿ ಚೀಲದಕ್ಕ ಅವನ ಕಂಕುಳಿಗೆ ಕೈ ಕೊಟ್ಟು, ಎದೆಗೆ ಎದೆ ಆನಿಸಿ ಎತ್ತಬೇಕು. ಮಗಳು ಹಿಂದಿನಿಂದ ಸೊಂಟದ ಬಟ್ಟೆ ಹಿಡಿದು ನೂಕಬೇಕು. ಸತ್ತ ಕಾಲು ನೆಲ ಕೆರೆಯುತ್ತ ಬರುತ್ತದೆ. ಹಾಗೇ ಅಂಗಳ ದಾಟಿ, ವಠಾರದವರೆಲ್ಲ ನೋಡುತ್ತಿರುವಾಗ, ಕೊನೆಯಲ್ಲಿದ್ದ ಬಚ್ಚಲಿಗೆ. ಕಕ್ಕಸು, ಸ್ನಾನ, ಬಟ್ಟೆ ಒಗೆಯುವುದು, ಎಲ್ಲಕ್ಕೂ ಎಲ್ಲರಿಗೂ ಅದೊಂದೇ. ಅಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವನನ್ನು ಕೂರಿಸಿ, ಬೆನ್ನನ್ನು ಗೋಡೆಗೆ ಒರಗಿಸಿ, ಚಿಲಕ ಅವನ ಬಲಗೈಗೆ ಎಟುಕುತ್ತದೆಯೇ ಅಂತ ನೋಡಿ, ಅವಳು ಹೇಳುತ್ತಿದ್ದಳು:

“ಯಾರು ಬಾಗಿಲು ಬಡಿದ್ರೂ ಮಾತಾಡ್ಬೇಡಿ. ಅವರು ಹೋದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ.”

ಗಂಡ ಒಂದು ಕಾಲದಲ್ಲಿ ಚೀಲದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ. ಜನರ ಬಾಯಲ್ಲಿ ಈಗಲೂ ಮೇಸ್ತ್ರಿಯೇ. ನಾಲಗೆ ದಪ್ಪಗಾಗಿ ಮಾತು ತಡೆತಡೆದು ಬರುತ್ತಿತ್ತು. ಆದರೂ ತಮಾಷೆ ಬಿಟ್ಟಿರಲಿಲ್ಲ.

“ಆ… ಆಫೀಸಿಗೆ ಬಂದೆ,” ಅನ್ನುತ್ತಿದ್ದ ಬಕೆಟ್ಟಿನ ಮೇಲೆ ಕೂತು. “ಯಾರಾದ್ರೂ ಕೇಳಿದ್ರೆ… ಮೀಟಿಂಗು ಅನ್ನು.”

ಮಗಳು ನಗುತ್ತಿರಲಿಲ್ಲ. ಚೀಲದಕ್ಕ ನಗುತ್ತಿದ್ದಳು. ನಗದಿದ್ದರೆ ಆ ಬಾಗಿಲು ಎಳೆದುಕೊಂಡು ವಾಪಸು ಬರಲು ಅವಳಿಗೆ ಕಾಲೇ ಬರುತ್ತಿರಲಿಲ್ಲ.

ಮೇಸ್ತ್ರಿ ಬಿದ್ದದ್ದು ಕಾರ್ಖಾನೆಯಲ್ಲೇ. ಹೊಲಿಗೆ ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ಮಾಲೀಕ ಅವನನ್ನು ಆಟೋದಲ್ಲಿ ಮಲಗಿಸಿ ಕಳಿಸಿದ. ಆಸ್ಪತ್ರೆಗೆ ಕಳಿಸಲಿಲ್ಲ, ಮನೆಗೆ ಕಳಿಸಿದ. ಜೊತೆಗೆ ಒಂದು ಮೂಟೆ ತೊಗಲಿನ ಚೂರು, ‘ಏನಾದ್ರೂ ಮಾಡ್ಕೊಳ್ಳಿ’ ಅಂತ. ತಲೆಗೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವ ತನಕ ದುಡಿದದ್ದಕ್ಕೆ ಸಿಕ್ಕ ಮರ್ಯಾದೆ ಅದು. ಆ ಚೂರುಗಳನ್ನು ಜೋಡಿಸಿ ಹೆಂಡತಿ ಕೈಚೀಲ ಹೊಲಿದಳು. ಬೀದಿ ಬದಿಯಲ್ಲಿಟ್ಟು ಮಾರಿದಳು. ಹಾಗೆ ಅವಳು ಚೀಲದಕ್ಕ ಆದಳು. ಹಾಗೆಯೇ ಒಂದು ದಿನ ಮೇಡಂ ಕಣ್ಣಿಗೆ ಬಿದ್ದಳು.

ಮೇಡಂ ಅಂಗಡಿಯಲ್ಲಿ ಗಾಜಿನ ಹಿಂದೆ ಆ ಚೀಲಗಳನ್ನು ಇಡುತ್ತಾರೆ. ಪ್ರತಿಯೊಂದಕ್ಕೂ ಒಂದು ಚೀಟಿ ನೇತಾಡುತ್ತಿರುತ್ತದೆ. ಚೀಟಿಯಲ್ಲಿ ಚೀಲದಕ್ಕನ ಫೋಟೋ. ಕೆಳಗೆ, ‘ಒಬ್ಬ ತಾಯಿಯ ಕೈಯಲ್ಲಿ ಅರಳಿದ್ದು.’ ಚೀಲ ಅರಳುತ್ತದಂತೆ, ಹೂವಿನ ಹಾಗೆ. ದಬ್ಬಳ ಚುಚ್ಚಿ ಚುಚ್ಚಿ ಅವಳ ಹೆಬ್ಬೆರಳು ಮರದ ಕೊರಡಿನಂತಾಗಿತ್ತು. ಮಣಿಕಟ್ಟು ಊದಿಕೊಂಡು, ಬೆಳಿಗ್ಗೆ ನೀರಿನ ತಂಬಿಗೆ ಎತ್ತಲಿಕ್ಕೂ ಎರಡು ಕೈ ಬೇಕಾಗುತ್ತಿತ್ತು. ಅದು ಚೀಟಿಯಲ್ಲಿ ಇರಲಿಲ್ಲ.

ಅರ್ಧಕ್ಕರ್ಧ ಹೊಲಿಗೆ ಮೇಸ್ತ್ರಿಯದು ಅನ್ನುವುದೂ ಇರಲಿಲ್ಲ.

ಅದು ಎರಡು ದಬ್ಬಳದ ಹೊಲಿಗೆ. ಒಂದೇ ತೂತಿನಲ್ಲಿ ದಾರ ಆಚೆಯಿಂದಲೂ ಬರುತ್ತದೆ, ಈಚೆಯಿಂದಲೂ ಬರುತ್ತದೆ. ಎರಡು ತುದಿಯನ್ನೂ ಒಟ್ಟಿಗೆ ಜಗ್ಗಿದರೆ ಹೊಲಿಗೆ ಬಿಗಿಯಾಗಿ ಕೂರುತ್ತದೆ. ಅದಕ್ಕೆ ಎರಡು ಕೈ ಬೇಕು. ಮೇಸ್ತ್ರಿಗೆ ಉಳಿದಿದ್ದದ್ದು ಒಂದು ಕೈ, ಒಂದು ಬಾಯಿ. ಚೀಲವನ್ನು ಸತ್ತ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದ. “ಸತ್ತ್ರೂ… ಭಾರಕ್ಕೆ ಬಂತು ನೋಡು,” ಅನ್ನುತ್ತಿದ್ದ. ತೊಗಲು ಜಾರದ ಹಾಗೆ ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚುಚ್ಚುತ್ತಿದ್ದ. ಆಮೇಲೆ ದಾರದ ಒಂದು ತುದಿಯನ್ನು ಹಲ್ಲಿಗೆ ಕೊಟ್ಟು, ಇನ್ನೊಂದನ್ನು ಕೈಗೆ ಸುತ್ತಿ, ಕತ್ತನ್ನು ಹಿಂದಕ್ಕೆ ಎಳೆದು ಜಗ್ಗುತ್ತಿದ್ದ. ಕತ್ತಿನ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ತೊಗಲಿನ ಮೇಲೆ ಗುರುತು ಬೀಳದಿರಲಿ ಅಂತ ಹಲ್ಲಿನ ನಡುವೆ ಒಂದು ಚಿಂದಿ ಬಟ್ಟೆ. ಬಾಯಿಯ ಸತ್ತ ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಚೀಲದಕ್ಕ ತನ್ನ ಸೆರಗಿನಿಂದ ಒರೆಸುತ್ತಿದ್ದಳು. ಚೀಲವನ್ನೂ, ಗಂಡನ ಗಲ್ಲವನ್ನೂ.

ಒಂದು ಮಧ್ಯಾಹ್ನ ಮೇಡಂ ಹೇಳದೆ ಕೇಳದೆ ಬಂದುಬಿಟ್ಟರು.

ಬಾಗಿಲಲ್ಲೇ ನಿಂತು ನೋಡಿದರು. ಮೇಸ್ತ್ರಿ ದಾರ ಕಚ್ಚಿ ಜಗ್ಗುತ್ತಿದ್ದ. ಆಗಷ್ಟೇ ಅವರು ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಒಂದು ಚೀಲವನ್ನು ಕೈಗೆತ್ತಿಕೊಂಡಿದ್ದರು. ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ಕೆಳಗಿಟ್ಟರು. ಪರ್ಸಿನಿಂದ ಒಂದು ಒದ್ದೆ ಕಾಗದ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಒರೆಸಿದ ಕಾಗದವನ್ನು ಎಲ್ಲಿ ಹಾಕುವುದು ಅಂತ ಸುತ್ತ ನೋಡಿದರು. ಚೀಲದಕ್ಕ ಕೈ ಚಾಚಿದಳು. ಅವಳ ಅಂಗೈಯಲ್ಲಿ ಹಾಕಿದರು.

ಆಮೇಲೆ ಅವಳನ್ನು ಅಂಗಳಕ್ಕೆ ಕರೆದರು.

“ನೋಡಮ್ಮ, ನಾನೇನೂ ತಪ್ಪು ತಿಳ್ಕೊಳ್ಳಲ್ಲ. ಪಾಪ, ಅವರ ಕಷ್ಟ ಅವರಿಗೆ. ಆದ್ರೆ ಜನ ಇದನ್ನ ಹೆಗಲಿಗೆ ಹಾಕ್ಕೊಂಡು ಓಡಾಡ್ತಾರೆ. ಬಾಯಿ ಹಾಕಿದ ಮಾಲು ನಾನು ಇಡಕ್ಕಾಗಲ್ಲ. ಚೀಟಿಯಲ್ಲಿ ಏನಂತ ಬರೆಸಿದೀನಿ? ತಾಯಿಯ ಕೈಯಲ್ಲಿ ಅಂತ. ಬಾಯಲ್ಲಿ ಅಂತ ಅಲ್ಲ. ಅಲ್ವಾ?”

“ಇನ್ಮೇಲೆ ಮುಟ್ಟಿಸಲ್ಲ ಮೇಡಂ,” ಅಂದಳು ಚೀಲದಕ್ಕ. “ತಪ್ಪಾಯ್ತು.”

ತಪ್ಪಾಯ್ತು ಅಂದಳು. ಗಂಡ ದುಡಿದದ್ದು ತಪ್ಪು ಅಂತ ಹೆಂಡತಿ ಒಪ್ಪಿಕೊಂಡಳು. ಆ ಕಾಗದ ಅಂಗೈಯಲ್ಲೇ ಇತ್ತು. ಮೇಡಂ ಕಾರು ತಿರುವು ದಾಟುವ ತನಕ ಅದನ್ನು ಬಿಸಾಡಬೇಕು ಅನ್ನುವುದೂ ಅವಳಿಗೆ ಹೊಳೆಯಲಿಲ್ಲ.

ಒಳಗೆ ಬಂದು ಗಂಡನಿಗೆ ಬೇರೆಯೇ ಹೇಳಿದಳು. “ಅವರಿಗೆ ಕಾಯಿಲೆಯವರನ್ನ ಕಂಡ್ರೆ ಭಯವಂತೆ ರೀ. ಮುಂದಿನ ಸಲ ಬಂದಾಗ ಒಂದು ಗಳಿಗೆ ಆಚೆ ಕೂತಿರಿ.”

“ಕೂರೋಣ,” ಅಂದ ಅವನು. “ಕೂರೋದು… ನನಗೆ ಹೊಸದಾ?”

ಮೇಸ್ತ್ರಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಅವಳೂ ತಡೆಯಲಿಲ್ಲ. ಹಿಡಿಕೆ ಜೋಡಿಸುವ ಕಡೆ ತೊಗಲು ನಾಲ್ಕು ಪದರ ದಪ್ಪ, ಅವಳ ಊದಿದ ಮಣಿಕಟ್ಟಿಗೆ ಅದು ಬಗ್ಗುತ್ತಿರಲಿಲ್ಲ. ಅವನ ಕತ್ತಿಗೆ ಬಗ್ಗುತ್ತಿತ್ತು. ಆರ್ಡರು ತೀರಬೇಕಿತ್ತು, ಮನೆ ನಡೆಯಬೇಕಿತ್ತು. ಗಂಡನ ಬಾಯಿ ಬೇಕಿತ್ತು, ಗಂಡ ಕಾಣಬಾರದಿತ್ತು. ಹೀಗೆ ಆ ಬಚ್ಚಲು ಆಫೀಸಾಯಿತು.

ಆವತ್ತು ಬೆಳಿಗ್ಗೆಯೇ ಮೇಡಂ ಫೋನು. ಬಹಳ ದೊಡ್ಡ ಅಂಗಡಿಯವರೊಬ್ಬರನ್ನು ಕರೆದುಕೊಂಡು ಬರುತ್ತಿದ್ದೇನೆ, ಅವರು ಒಪ್ಪಿದರೆ ನಿನಗೆ ವರ್ಷವಿಡೀ ಕೈತುಂಬ ಕೆಲಸ, ಕೊಟ್ಟ ಸ್ಪ್ರೇ ಹೊಡಿ, ಆ ತೊಗಲಿನ ವಾಸನೆ ಇರಬಾರದು. ಮೇಡಂ ಹಿಂದೊಮ್ಮೆ ಒಂದು ಸುಗಂಧದ ಸ್ಪ್ರೇ ಬಾಟಲಿ ಕೊಟ್ಟುಹೋಗಿದ್ದರು. ತೊಗಲಿನ ಚೀಲ ಮಾರುವವರಿಗೆ ತೊಗಲಿನ ವಾಸನೆ ಆಗದು.

“ಅಮ್ಮ, ಇವತ್ತು ನಾನು ಅಪ್ಪನ್ನ ಒಯ್ಯಲ್ಲ,” ಅಂದಳು ಮಗಳು. ಓದು ಬಿಟ್ಟು ಮನೆಯಲ್ಲಿ ತೊಗಲು ಕತ್ತರಿಸುವ ಹುಡುಗಿ. ಕತ್ತರಿಯ ಹಾಗೇ ಮಾತು.

“ಒಯ್ಯದೆ ಏನು, ಮೇಡಂ ಎದುರಿಗೆ ಕೂರಿಸ್ತೀಯಾ?”

“ಕೂರ್ಲಿ. ಏನು, ಎಲ್ಲಿಂದಾದ್ರೂ ಕದ್ದು ತಂದಿದೀಯಾ ಅವರನ್ನ?”

“ಬಾಯಿ ಮುಚ್ಚು. ಸೊಂಟ ಹಿಡಿ.”

“ಜಗಳ ಬೇಡ್ರೇ,” ಅಂದ ಮೇಸ್ತ್ರಿ. “ಆಫೀಸಿಗೆ… ಲೇಟಾಯ್ತು.” ಅರ್ಧ ಹೊಲಿದಿದ್ದ ಚೀಲವನ್ನು ಬಲಗೈಯಲ್ಲಿ ಎದೆಗೆ ಒತ್ತಿಕೊಂಡ.

“ಅಲ್ಲೂ ಕೆಲಸಾನಾ? ಅದನ್ನ ಇಲ್ಲೇ ಬಿಡಿ.”

“ಬರೀ ಕೈಲಿ ಕೂತ್ರೆ… ಗೋಡೆ ಮಾತಾಡ್ಸುತ್ತೆ ಕಣೇ.”

ಒಯ್ದರು. ಬಚ್ಚಲ ನೆಲ ಒದ್ದೆಯಾಗಿತ್ತು. ಸತ್ತ ಕಾಲು ಜಾರಿತು. ಮೂವರೂ ಒಟ್ಟಿಗೆ ಗೋಡೆಗೆ ತಾಗಿದರು. ಚೀಲದಕ್ಕನ ಮೊಣಕೈ ತರಚಿತು. ಬಕೆಟ್ಟಿನ ಮೇಲೆ ಕೂರಿಸಿ, ಅವನ ಬೆವರು ಒರೆಸಿ, ಎಂದಿನ ಮಾತು ಹೇಳಿ ಬಂದಳು.

ಬಂದು ಕೋಣೆ ಗುಡಿಸಿದಳು. ಸ್ಪ್ರೇ ಹೊಡೆದಳು. ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಒಂದು ಚೀಲವನ್ನು ಮಾತ್ರ ಎಲ್ಲದರ ಅಡಿಗೆ ಇಟ್ಟಳು. ಅದರ ಮುಚ್ಚಳದ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿತ್ತು. ಕಚ್ಚಿ ಹಿಡಿದಾಗ ಚಿಂದಿ ಜಾರಿಹೋಗಿ, ಎಳೆಯ ತೊಗಲಿನ ಮೇಲೆ ಸಣ್ಣ ಸಣ್ಣ ಗುಳಿಗಳು ಅರ್ಧ ಚಂದ್ರನ ಹಾಗೆ ಮೂಡಿದ್ದವು. ತಿಕ್ಕಿದರೂ ಹೋಗಿರಲಿಲ್ಲ. ಬಿಸಾಡಲು ಮನಸ್ಸಾಗಿರಲಿಲ್ಲ.

ಎಲ್ಲ ಮುಗಿಸಿ ಬಾಗಿಲಲ್ಲಿ ನಿಂತು ಕೋಣೆಯನ್ನು ಒಮ್ಮೆ ನೋಡಿದಳು. ಹಾಸಿಗೆ ಇಲ್ಲ, ಡಬ್ಬಿ ಇಲ್ಲ, ಕೆಮ್ಮು ಇಲ್ಲ. ಎಷ್ಟು ಚೆನ್ನಾಗಿದೆ ಅಂತ ಅನ್ನಿಸಿತು. ಅನ್ನಿಸಿದ ಮೇಲೆ ಮುಖಕ್ಕೆ ಬಿಸಿ ಬೂದಿ ಎರಚಿದಂತಾಯಿತು. ಮಗಳು ನೋಡಿದಳೇನೋ ಅಂತ ತಿರುಗಿದಳು. ಮಗಳು ಇವಳನ್ನೇ ನೋಡುತ್ತಿದ್ದಳು.

ದೊಡ್ಡ ಅಂಗಡಿಯಾಕೆ ಒಳ್ಳೆಯವಳು. ಹಾಗೆ ಹೇಳಲೇಬೇಕು. ಚಪ್ಪಲಿ ಹೊರಗೆ ಬಿಟ್ಟು ಬಂದಳು. ಚೀಲದಕ್ಕನ ಕೊರಡು ಬೆರಳನ್ನು ತನ್ನ ಮೆತ್ತನೆಯ ಕೈಯಲ್ಲಿ ಹಿಡಿದುಕೊಂಡಳು. ನೆಲದ ಮೇಲೇ ಕೂತಳು. ಸುತ್ತ ನೋಡಿ ಹೇಳಿದಳು:

“ಎಷ್ಟು ಶಾಂತವಾಗಿದೆ ಇಲ್ಲಿ! ನಿಮ್ಮ ಮನೆ ಬೇರೆ ಕಡೆ ಇದೆಯಾ?”

ಚೀಲದಕ್ಕ ಬಾಯಿ ತೆರೆಯುವ ಮೊದಲೇ ಮೇಡಂ ಅಂದರು, “ಹೂಂ, ಇದು ಬರೀ ಕೆಲಸಕ್ಕೆ.”

“ನಿಮ್ಮ ಯಜಮಾನ್ರು ಏನು ಮಾಡ್ತಾರೆ?”

ಮೇಡಂ ಚೀಲದಕ್ಕನ ಮುಖ ನೋಡಿದರು. ಮಗಳೂ ನೋಡಿದಳು.

“ಆಫೀಸಿಗೆ ಹೋಗಿದಾರೆ,” ಅಂದಳು ಚೀಲದಕ್ಕ.

ಮಗಳ ಕೈಯಿಂದ ಕತ್ತರಿ ಬಿತ್ತು. ಬಿತ್ತೋ, ಎಸೆದಳೋ. ಠಣ್ ಅಂತ ಸದ್ದಾಯಿತು. ಗಂಡನ ತಮಾಷೆಯನ್ನು ಕದ್ದು ತಂದು ಅವನನ್ನೇ ಅಳಿಸಿಹಾಕುವುದಕ್ಕೆ ಬಳಸಿದ್ದಳು ಚೀಲದಕ್ಕ.

ಅಂಗಡಿಯಾಕೆ ಚೀಲಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ನೋಡಿ ನೋಡಿ ಪಕ್ಕಕ್ಕಿಟ್ಟಳು. ಕೊನೆಗೆ ಅಡಿಯಲ್ಲಿದ್ದದ್ದು ಕೈಗೆ ಬಂತು. ಅವಳ ಬೆರಳು ಮುಚ್ಚಳದ ಅಂಚಿನಲ್ಲಿ ನಿಂತಿತು. ಮುಂದೆ ಹೋಗಿ ಮತ್ತೆ ಹಿಂದೆ ಬಂತು.

“ಇದೇನಿದು? ಎಷ್ಟು ಮುದ್ದಾಗಿದೆ! ಯಾವ ಅಚ್ಚು ಇದು?”

ಚೀಲದಕ್ಕನ ಕಿವಿ ಗುಂಯ್ ಅಂದಿತು.

“ಅದು… ಅದು ಒಂದು ಹಳೇ ಅಚ್ಚು ಮೇಡಂ.”

“ನೀವೇ ಒತ್ತೋದಾ? ಒಂದೊಂದು ಗುಳೀನೂ ಬೇರೆ ಬೇರೆ ಥರ ಇದೆ. ಮಷಿನ್ನಿಗೆ ಬರಲ್ಲ ಇದು.” ಮೇಡಂ ಕಡೆ ತಿರುಗಿದಳು. “ಇದೇ ಬೇಕು ನನಗೆ. ಎಲ್ಲಾ ಚೀಲದ ಮೇಲೂ ಇದು ಇರ್ಲಿ.”

ಮೇಡಂ ಮುಖ ಅರಳಿತು. ಚೀಲ ಅರಳದಿದ್ದರೂ ಮುಖ ಅರಳಿತು. “ಕೇಳಿಸ್ತಾ? ಎಲ್ಲದಕ್ಕೂ ಈ ಅಚ್ಚು ಹಾಕ್ಬೇಕು. ಎಲ್ಲಿ, ಆ ಅಚ್ಚು ತೋರಿಸು. ಒತ್ತೋದನ್ನ ವಿಡಿಯೋ ಮಾಡ್ಕೊಳ್ಳೋಣ.”

“ಈಗ ಇಲ್ಲ ಮೇಡಂ. ಅದು… ರಿಪೇರಿಗೆ ಕೊಟ್ಟಿದೀನಿ.”

ಆಗ ಅಂಗಳದಿಂದ ಧಡ ಧಡ ಸದ್ದು. ವಠಾರಕ್ಕೆ ಹೊಸದಾಗಿ ಬಂದಿದ್ದ ಲಾರಿ ಡ್ರೈವರು. ಹಗಲು ಮಲಗಿ ಎದ್ದವನು ಬಚ್ಚಲ ಬಾಗಿಲು ಗುದ್ದುತ್ತಿದ್ದ.

“ಯಾರ್ರೀ ಒಳಗೆ? ಒಳಗೇ ಸಂಸಾರ ಹೂಡಿದೀರಾ? ಒಂದು ಕೆಮ್ಮಾದ್ರೂ ಕೆಮ್ರಪ್ಪಾ, ಬದುಕಿದೀರೋ ಇಲ್ವೋ ಗೊತ್ತಾಗ್ಲಿ!”

ಒಳಗಿನಿಂದ ಉತ್ತರವಿಲ್ಲ. ಮೇಸ್ತ್ರಿ ಹೇಳಿದ ಮಾತು ಮೀರುವವನಲ್ಲ. ಕೆಮ್ಮು ಬಂದರೂ ತೋಳಿಗೆ ಬಾಯಿ ಒತ್ತಿಕೊಂಡು ಕೂತಿರುತ್ತಾನೆ ಅಂತ ಅವಳಿಗೆ ಗೊತ್ತು.

“ಏನದು ಗಲಾಟೆ?” ಅಂದರು ಮೇಡಂ.

“ಏನಿಲ್ಲ ಮೇಡಂ. ಅಲ್ಲಿ ಯಾರೂ ಇಲ್ಲ.”

ಅಷ್ಟಕ್ಕೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಅಂಗಡಿಯಾಕೆ ಎದ್ದು ನಿಂತು, ನಾಚಿಕೊಂಡು ನಕ್ಕು, ಬಾತ್‌ರೂಮು ಎಲ್ಲಿ ಅಂತ ಕೇಳಿದಳು. ಇಲ್ಲಿ ಬೇಡ, ದಾರಿಯಲ್ಲಿ ಒಳ್ಳೆ ಹೋಟೆಲಿದೆ ಅಂದರು ಮೇಡಂ. ತಡೆಯಕ್ಕಾಗಲ್ಲ ಅಂದಳು ಆಕೆ. ಚೀಲದಕ್ಕ ಅಡ್ಡ ಹೋಗುವಷ್ಟರಲ್ಲಿ ಆಕೆ ಅಂಗಳಕ್ಕೆ ಇಳಿದಾಗಿತ್ತು. ಮೇಡಂ ಹಿಂದೆ, ಅವರ ಹಿಂದೆ ಇವಳು, ಇವಳ ಹಿಂದೆ ಮಗಳು.

“ಇಲ್ಲೇ ಇದೆ ಮೇಡಂ,” ಅಂದ ಡ್ರೈವರು, ಹೆಂಗಸರನ್ನು ಕಂಡು ಮರ್ಯಾದೆಯಿಂದ. “ಆದ್ರೆ ಒಳಗೆ ಯಾರೋ ಪವಡಿಸಿದಾರೆ. ತಡೀರಿ.” ಭುಜ ಕೊಟ್ಟು ಒಂದು ಸಲ ನೂಕಿದ. ಗೆದ್ದಲು ತಿಂದ ಬಾಗಿಲು. ಚಿಲಕ ಮೊಳೆ ಸಮೇತ ಕಿತ್ತು ಬಂತು.

ಮೇಸ್ತ್ರಿ ಬಕೆಟ್ಟಿನ ಮೇಲೆ ಕೂತಿದ್ದ. ತೊಡೆಯ ಕೆಳಗೆ ಚೀಲ. ಹಲ್ಲಿನಲ್ಲಿ ತೊಗಲಿನ ಅಂಚು, ಕೈಯಲ್ಲಿ ದಬ್ಬಳ. ಗಲ್ಲದಿಂದ ಜೊಲ್ಲಿನ ಎಳೆ ಇಳಿದು ಅಂಗಿಯ ಗುಂಡಿಯ ತನಕ ಬಂದಿತ್ತು. ಪಂಚೆಯ ಅಂಚು ಬಚ್ಚಲ ನೀರಿನಲ್ಲಿ ತೊಯ್ದಿತ್ತು. ಬೆಳಕು ಬಿದ್ದು ಕಣ್ಣು ಕಿರಿದು ಮಾಡಿದ. ಡ್ರೈವರನ್ನು ನೋಡಿದ. ಅಂಗಡಿಯಾಕೆಯನ್ನು ನೋಡಿದ. ಮೇಡಂ ಅವರನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ಏನು ಕಂಡನೋ, ತೊಗಲನ್ನು ಬಾಯಿಂದ ಬಿಟ್ಟ.

“ನ… ನಲ್ಲಿ,” ಅಂದ. “ನಲ್ಲಿ ರಿಪೇರಿ.”

ಮೇಡಂ ಚೀಲದಕ್ಕನ ಕಡೆ ತಿರುಗಿದರು. ‘ಹೂಂ ಅನ್ನು’ ಅಂತ ಕಣ್ಣು ಹೇಳುತ್ತಿತ್ತು.

“ಹೂಂ ಮೇಡಂ,” ಅಂದಳು ಚೀಲದಕ್ಕ. “ನಲ್ಲಿ ಸೋರ್ತಿತ್ತು. ನಾನೇ ಕರೆಸಿದ್ದೆ.”

“ಅಮ್ಮ!” ಅಂದಳು ಮಗಳು. ಅಷ್ಟೇ ಅಂದಳು. ಕಪಾಳಕ್ಕೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆದರೆ ಅಂಗಡಿಯಾಕೆ ದಡ್ಡಿಯೇನಲ್ಲ. ಅವನ ತೊಡೆಯ ಕೆಳಗಿದ್ದ ತೊಗಲಿನ ಬಣ್ಣ ನೋಡಿದಳು. ಅದರ ಅಂಚಿನಲ್ಲಿ ಹೊಸದಾಗಿ ಮೂಡಿದ್ದ ಅರ್ಧ ಚಂದ್ರ ನೋಡಿದಳು. ಆಫೀಸಿಗೆ ಬರುವಾಗ ಮೇಸ್ತ್ರಿ ಚಿಂದಿ ತರುವುದನ್ನು ಮರೆತಿದ್ದ. ಆಕೆ ಅವನ ಬಾಯಿ ನೋಡಿದಳು. ಆ ಒದ್ದೆ ನೆಲದ ಮೇಲೇ ಕುಕ್ಕರುಗಾಲಲ್ಲಿ ಕೂತಳು.

“ಅಯ್ಯೋ ದೇವರೇ. ಇದು ನೀವಾ?”

ಆಕೆಯ ಕಣ್ಣು ತುಂಬಿ ಬಂತು. ಸುಳ್ಳು ಕಣ್ಣೀರಲ್ಲ. ನಿಜವಾಗಿಯೇ ಅತ್ತಳು. ಅಳುತ್ತಲೇ ಫೋನು ಹೊರಗೆ ತೆಗೆದಳು.

ಮೇಡಂ ಅದನ್ನು ನೋಡಿದರು. ಎಷ್ಟು ಬೇಗ ತಿರುಗಿಕೊಂಡರು ಅಂದರೆ, ಆಟೋದವರೂ ಅಷ್ಟು ಬೇಗ ಗಾಡಿ ತಿರುಗಿಸುವುದಿಲ್ಲ.

“ನಾನೇ ಹೇಳಿರಲಿಲ್ಲ, ಸರ್‌ಪ್ರೈಸ್ ಇರ್ಲಿ ಅಂತ,” ಅಂದರು. “ಇವರೇ ನಮ್ಮ ಹಿರಿಯ ಕಲಾವಿದರು. ಕೈ ಹೋದ್ರೂ ಛಲ ಹೋಗಿಲ್ಲ ನೋಡಿ.” ಆಮೇಲೆ ಚೀಲದಕ್ಕನ ಕಿವಿಯ ಹತ್ತಿರ ಬಾಗಿ, “ಸುಮ್ನಿರು, ಎಲ್ಲಾ ನಾನು ನೋಡ್ಕೋತೀನಿ. ಇದು ಇನ್ನೂ ಚೆನ್ನಾಗಿ ಹೋಗುತ್ತೆ. ಚೀಟೀಲಿ ಇವರದೇ ಫೋಟೋ ಹಾಕ್ಸೋಣ.”

ಮತ್ತೆ ಮೇಸ್ತ್ರಿಯ ಕಡೆ. “ಯಜಮಾನ್ರೇ, ಇನ್ನೊಂದ್ಸಲ ಕಚ್ಚಿ. ಹಾಂ, ಆ ಚೀಲಾನೇ. ಸ್ವಲ್ಪ ಈ ಕಡೆ ತಿರುಗಿ, ಬೆಳಕು ಬೀಳ್ಲಿ.”

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಕಚ್ಚಲಾ, ಅಂತ. ಅವಳು ಹೂಂ ಅಂದರೆ ಸಂಜೆಯ ತನಕ ಕಚ್ಚುತ್ತಾನೆ. ಬೇಡ ಅಂದರೆ ಬಿಡುತ್ತಾನೆ. ಅವಳು ಏನೂ ಅನ್ನಲಿಲ್ಲ. ಅವನು ತೊಗಲನ್ನು ಎತ್ತಿ ಬಾಯಿ ತೆರೆದ. ಅರ್ಧ ಬಾಯಿ ತೆರೆಯಿತು, ಇನ್ನರ್ಧ ಹಾಗೇ ಜೋತುಬಿತ್ತು. ಜೊಲ್ಲು ತೊಗಲಿನ ಮೇಲೆ ತೊಟ್ಟಿಕ್ಕಿತು.

ಮೇಡಂ ನಕ್ಕರು. ಮೆಚ್ಚಿಗೆಯ ನಗು. ಬೆರಳು ಚಾಚಿ ಅವನ ಗಲ್ಲವನ್ನು ಬೆಳಕಿನ ಕಡೆ ತಿರುಗಿಸಿದರು. ಆಮೇಲೆ ಆ ಬೆರಳನ್ನು ಒರೆಸಿಕೊಳ್ಳಲೂ ಇಲ್ಲ.

ಆ ಬೆರಳನ್ನು ಚೀಲದಕ್ಕ ನೋಡಿದಳು.

ಅವಳು ನಡುವೆ ನುಗ್ಗಿದಳು. ಗಂಡನ ಹಲ್ಲಿನಿಂದ ತೊಗಲನ್ನು ಬಿಡಿಸಿಕೊಂಡಳು. ತನ್ನ ಸೆರಗಿನಿಂದ ಅವನ ಗಲ್ಲ ಒರೆಸಿದಳು.

“ಸಾಕು,” ಅಂದಳು.

“ಏನಮ್ಮಾ?”

“ಬಾಯಿ ಹಾಕ್ಬಾರ್ದು ಅಂದಿದ್ರಿ. ಹಾಕಲ್ಲ.”

“ಅಯ್ಯೋ, ಅದು ಆವಾಗ…”

“ಆವಾಗ ಬೆರಳು ಒರೆಸ್ಕೊಂಡ್ರಿ. ಆ ಕಾಗದ ನನ್ನ ಕೈಲಿ ಹಾಕಿದ್ರಿ.” ಅಂಗೈ ಬಿಚ್ಚಿ ತೋರಿಸಿದಳು. ಗಟ್ಟಿಯಾಗಿ ಹೇಳಬೇಕು ಅಂದುಕೊಂಡಿದ್ದಳು, ಬಂದದ್ದು ಒಡಕು ದನಿ. “ಫೋಟೋ ತೆಗೀಬೇಡಿ. ಇವರು ನಲ್ಲಿ ರಿಪೇರಿಯವರಲ್ಲ. ನಿಮ್ಮ ಕಲಾವಿದರೂ ಅಲ್ಲ. ನನ್ನ ಗಂಡ. ಎರಡು ವರ್ಷದಿಂದ ನಿಮ್ಮ ಕಾರು ಬಂದಾಗೆಲ್ಲ ಇವರನ್ನ ಈ ಕಕ್ಕಸಲ್ಲಿ ಮುಚ್ಚಿಟ್ಟಿದೀನಿ. ನಾನೇ ಮುಚ್ಚಿಟ್ಟಿದ್ದು. ಇನ್ನು ಹೋಗಿ ನೀವು.”

ಅಂಗಡಿಯಾಕೆಯ ಫೋನು ಮೆಲ್ಲಗೆ ಕೆಳಗಿಳಿಯಿತು. ಮೇಡಂ ಮುಖ ಬಿಗಿಯಿತು.

“ಯೋಚನೆ ಮಾಡಿ ಮಾತಾಡು. ಈ ಕೆಲಸ ಹೋದ್ರೆ ನಿನ್ನ ಮನೆ ಹೇಗೆ ನಡೆಯುತ್ತೆ?”

“ಮನೆ ಎಲ್ಲಿದೆ ಮೇಡಂ? ಬೇರೆ ಕಡೆ ಇದೆ ಅಂತ ನೀವೇ ಹೇಳಿದ್ರಲ್ಲ. ಇದು ಸ್ಟುಡಿಯೋ.”

ಅಷ್ಟು ಅಂದು ಒಳಗೆ ಕಾಲಿಟ್ಟು ಬಾಗಿಲು ಎಳೆದುಕೊಂಡಳು. ಚಿಲಕ ಇರಲಿಲ್ಲ. ಬೆನ್ನನ್ನೇ ಬಾಗಿಲಿಗೆ ಕೊಟ್ಟು ನಿಂತಳು.

ಹೊರಗೆ ಮೇಡಂ ಏನೇನೋ ಅಂದರು. ಕೃತಘ್ನರು ಅಂದದ್ದು ಕೇಳಿಸಿತು. ಆಮೇಲೆ ಹೆಜ್ಜೆ ಸಪ್ಪಳ, ಅದರ ಹಿಂದೆ ಮಗಳ ದನಿ: “ಮೇಡಂ, ನಿಮ್ಮ ಸೆಂಟು ಬಾಟ್ಲಿ ಬಿಟ್ಟು ಹೋಗ್ತಿದೀರಾ. ತಗೊಳ್ಳಿ, ಕಾರಲ್ಲಿ ಬೇಕಾಗುತ್ತೆ, ನಮ್ಮ ವಾಸನೆ ಹತ್ತಿರುತ್ತೆ.” ಡ್ರೈವರು ನಕ್ಕ. ಕಾರಿನ ಬಾಗಿಲು ಬಡಿಯಿತು.

ಒಳಗೆ ನಲ್ಲಿ ನಿಜವಾಗಿಯೂ ತೊಟ್ಟಿಕ್ಕುತ್ತಿತ್ತು. ಚೀಲದಕ್ಕ ಗಂಡನ ಪಾದ ನೋಡುತ್ತ ನಿಂತಳು. ಮುಖ ಎತ್ತಲು ಆಗಲಿಲ್ಲ.

“ನಾನು… ನಲ್ಲಿ ಅಂದೆ, ಸರಿ,” ಅಂದ ಮೇಸ್ತ್ರಿ. “ನೀನು ಯಾಕೆ… ಹೂಂ ಅಂದೆ?”

ಅದರಲ್ಲಿ ತಮಾಷೆ ಇರಲಿಲ್ಲ. ಇಷ್ಟು ದಿನದಲ್ಲಿ ತಮಾಷೆ ಇಲ್ಲದೆ ಅವನು ಕೇಳಿದ್ದು ಅದೊಂದೇ ಮಾತು. ಅವಳು ಉತ್ತರ ಹುಡುಕಿದಳು. ಬಾಡಿಗೆ ಅನ್ನಬಹುದಿತ್ತು. ಮಾತ್ರೆ ಅನ್ನಬಹುದಿತ್ತು. ಎರಡೂ ನಿಜವೇ.

“ಕಾಯಿಲೆಯವರನ್ನ ಕಂಡ್ರೆ ಅವರಿಗೆ ಭಯ ಅಂದಿದ್ದೆನಲ್ಲ,” ಅಂದಳು. “ಅದೂ ಸುಳ್ಳು ರೀ.”

“ಗೊತ್ತು.”

“ಗೊತ್ತಿತ್ತಾ?”

“ಅವತ್ತೆಲ್ಲ… ಅಂಗೈ ತೊಳೀತಾನೇ ಇದ್ಯಲ್ಲ.”

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಸೆರಗಿನಲ್ಲಿ ಅವನ ಜೊಲ್ಲಿನ ಒದ್ದೆ ಇತ್ತು. ಹಾಗೇ ಮುಚ್ಚಿಕೊಂಡಳು.

ಬೆನ್ನಿನ ಹಿಂದೆ ಬಾಗಿಲು ಮತ್ತೆ ಬಡಿಯಿತು. ಡ್ರೈವರಲ್ಲ, ಮೇಲುಮನೆಯ ಯಾರೋ, ಕೆಳಗೆ ನಡೆದದ್ದು ತಿಳಿಯದವರು. “ಯಾರ್ರೀ ಒಳಗೆ?”

ಮೇಸ್ತ್ರಿ ಥಟ್ಟನೆ ಬೆರಳನ್ನು ತುಟಿಯ ಮೇಲಿಟ್ಟ. ಮಾತಾಡಬೇಡ ಅಂತ. ಅವಳೇ ಕಲಿಸಿದ್ದು. ಅವನು ಮರೆತಿರಲಿಲ್ಲ.

ಅವಳು ಆ ಬೆರಳನ್ನು ಹಿಡಿದು ತುಟಿಯಿಂದ ಕೆಳಗಿಳಿಸಿದಳು.

“ನಾವು,” ಅಂದಳು. ಬಾಗಿಲ ಕಡೆ ತಿರುಗಿ ಮತ್ತೆ ಅಂದಳು. “ನಾನೂ ನನ್ನ ಗಂಡನೂ ಇದ್ದೀವಿ. ಸ್ವಲ್ಪ ತಾಳಿ. ಮನೆಗೆ ಕರ್ಕೊಂಡು ಹೋಗ್ಬೇಕು.”

ಮೇಸ್ತ್ರಿಯನ್ನು ಮನೆಗೆ ತಂದರು. ಡ್ರೈವರು ಒಂದು ಕೈ ಕೊಟ್ಟ. “ಗೊತ್ತಿರಲಿಲ್ಲ ಅಣ್ಣ, ಬಾಗಿಲು ನಾನು ಸರಿಮಾಡಿ ಕೊಡ್ತೀನಿ,” ಅನ್ನುತ್ತಲೇ ಇದ್ದ. ಅಂಗಳದಲ್ಲಿ ಎಲ್ಲರೂ ನೋಡುತ್ತಿದ್ದರು. ಚೀಲದಕ್ಕನ ತಲೆ ತಗ್ಗಿಯೇ ಇತ್ತು. ಎತ್ತಬೇಕು ಅಂದುಕೊಂಡಳು, ಏಳಲಿಲ್ಲ. ಮಗಳು ಮಂಚದ ಕೆಳಗಿನಿಂದ ಹಾಸಿಗೆ ಎಳೆದು ಬಾಗಿಲ ಹತ್ತಿರವೇ ಹಾಸಿದಳು, ಬೀದಿ ಕಾಣುವ ಹಾಗೆ. ತಾಯಿಯ ಜೊತೆ ಆ ದಿನವೆಲ್ಲ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಚೀಲದಕ್ಕ ಹೊಸ ಅಂಗಡಿ ಹುಡುಕಿಕೊಂಡು ಹೊರಟಳು. ಮಾದರಿಗೆ ಎರಡು ಮೂರು ಚೀಲ ಗಂಟು ಕಟ್ಟಿಕೊಂಡಳು. ಹಲ್ಲಿನ ಗುರುತಿನ ಚೀಲವನ್ನು ಮಾತ್ರ ತನ್ನ ಹೆಗಲಿಗೆ ಹಾಕಿಕೊಂಡಳು. ಅಷ್ಟು ಚೀಲ ಹೊಲಿದಿದ್ದರೂ ತಾನೇ ಒಂದನ್ನು ಹಾಕಿಕೊಂಡದ್ದು ಇದೇ ಮೊದಲು.

“ಆಫೀಸಿಗಾ?” ಅಂದ ಮೇಸ್ತ್ರಿ ಹಾಸಿಗೆಯಿಂದ.

ಅವಳು ನಗಲಿಲ್ಲ. “ಹೋಗ್ಬರ್ತೀನಿ,” ಅಂದಳು.

ಅಚ್ಚು ಹೊರಗೆ ಕಾಣುವ ಹಾಗೆ ಚೀಲವನ್ನು ತಿರುಗಿಸಿಕೊಂಡು ಬೀದಿಗಿಳಿದಳು. ಎದುರಿಗೆ ಯಾರಾದರೂ ಬಂದರೆ ಸಾಕು, ಅವಳ ಕೈ ತಾನಾಗಿಯೇ ಹೋಗಿ ಅದನ್ನು ಮುಚ್ಚುತ್ತಿತ್ತು. ತೆಗೆಯುತ್ತಿದ್ದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಮುಚ್ಚುತ್ತಿತ್ತು. ಮತ್ತೆ ತೆಗೆಯುತ್ತಿದ್ದಳು.